ಎಡಗಡೆ ಮೊಲ, ಬಲಗಡೆ ಕಪ್ಪೆ

ಪ್ರತಿ ವರ್ಷ ಎಂಟನೇ ತರಗತಿಯ ಮಕ್ಕಳಿಗೆ ನಾನು ಒಂದು ಪ್ರಶ್ನೆ ಕೊಡುತ್ತೇನೆ: ಮೊಲಕ್ಕೂ ಕಪ್ಪೆಗೂ ಇರುವ ವ್ಯತ್ಯಾಸಗಳನ್ನು ಬರೆಯಿರಿ. ಮಕ್ಕಳು ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆದು ಎಡಗಡೆ ಮೊಲ, ಬಲಗಡೆ ಕಪ್ಪೆ ಎಂದು ಬರೆದುಕೊಳ್ಳುತ್ತಾರೆ. ಮೊಲ ಬಿಸಿರಕ್ತದ ಪ್ರಾಣಿ, ಕಪ್ಪೆ ಶೀತರಕ್ತದ ಪ್ರಾಣಿ. ಮೊಲ ಮರಿ ಹಾಕುತ್ತದೆ, ಕಪ್ಪೆ ಮೊಟ್ಟೆ ಇಡುತ್ತದೆ. ಮೊಲದ ಮೈಮೇಲೆ ಕೂದಲು, ಕಪ್ಪೆಯದು ಬರಿಯ ಚರ್ಮ. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಅರ್ಧ ತರಗತಿ 'ಮೊಲ ಬಿಲದಲ್ಲಿ ವಾಸಿಸುತ್ತದೆ, ಕಪ್ಪೆ ನೀರಿನಲ್ಲಿ ವಾಸಿಸುತ್ತದೆ' ಎಂದು ಬರೆದು ನನ್ನ ತಲೆ ಕೆಡಿಸುತ್ತದೆ.

ಇವೇನು ಊರು ಕಾಣದ ಮಕ್ಕಳಲ್ಲ. ಶಿರಾ ಸುತ್ತಲಿನ ಹಳ್ಳಿಗಳಿಂದ ಬರುವವರು, ರಾಗಿ ಕುಯ್ಯುವಾಗ ಕಾಲಬುಡದಿಂದ ಮೊಲ ಎದ್ದು ಓಡಿದ್ದನ್ನು ಕಣ್ಣಾರೆ ಕಂಡವರು. ಬಿಲ ತೋಡುವುದು ಪುಸ್ತಕದ ಚಿತ್ರದಲ್ಲಿರುವ ಬಿಳಿ ಮೊಲ. ನಮ್ಮ ಹೊಲದ ಮೊಲ, ಕತ್ತಿನ ಹಿಂದೆ ಕಪ್ಪು ಮಚ್ಚೆ ಇರುವುದು, ಬಿಲವನ್ನೇ ತೋಡುವುದಿಲ್ಲ. ಹುಲ್ಲಿನ ಬುಡದಲ್ಲಿ ಮೈ ಒತ್ತಿ ಒತ್ತಿ ತನ್ನ ಆಕಾರದ್ದೇ ಒಂದು ತಗ್ಗು ಮಾಡಿಕೊಂಡು ಹಗಲೆಲ್ಲ ಬಯಲಲ್ಲಿ ಕೂತಿರುತ್ತದೆ. ಇನ್ನು ನಾನು ಹುಟ್ಟಿದ ಪಾವಗಡದ ಕಡೆಯ ಮಣ್ಣುಗಪ್ಪೆ ನೀರು ಕಾಣುವುದೇ ವರ್ಷಕ್ಕೆ ನಾಲ್ಕು ದಿನ. ಉಳಿದ ಕಾಲವೆಲ್ಲ ಅದು ನೆಲದ ಕೆಳಗೆ. ಅಂದರೆ ನಮ್ಮ ಸೀಮೆಯಲ್ಲಿ ಬಿಲದಲ್ಲಿರುವುದು ಕಪ್ಪೆ, ಬಯಲಲ್ಲಿರುವುದು ಮೊಲ. ಇದನ್ನು ಹೇಳಿದರೆ ಮಕ್ಕಳು, "ಮಿಸ್, ಪರೀಕ್ಷೆಗೆ ಯಾವ್ದು ಬರೀಬೇಕು?" ಎಂದು ಕೇಳುತ್ತಾರೆ. ನಾನು ಬೈಯುತ್ತೇನೆ. ನನ್ನ ನಾಲಿಗೆ ಸ್ವಲ್ಪ ಚುರುಕು, ಅದು ಶಾಲೆಗೆಲ್ಲ ಗೊತ್ತು.

ನಮ್ಮನೆಯವರು ತೀರಿಕೊಂಡು ಕಾರ್ಯ ಮುಗಿದ ಮೇಲೆ ಶಾಲೆಗೆ ಮರಳಿದ ದಿನ ನಾನು ಮಾಡಿದ ಪಾಠವೂ ಇದೇ. ಆ ದಿನ ಯಾರನ್ನೂ ಬೈಯಲಿಲ್ಲ. ಬಿಲ ಎಂದವನಿಗೂ ಪೂರ್ತಿ ಅಂಕ ಕೊಟ್ಟೆ.

ಅವರು ಹೋದದ್ದು ಬಸ್ಸಿನಲ್ಲಿ. ಶ್ರಾವಣದ ಕೊನೆಗೆ ಬೋರಿನ ಮೋಟಾರಿಗೆ ಏನೋ ಸಾಮಾನು ತರಲು ಮಧುಗಿರಿಗೆ ಹೋಗಿದ್ದರು. ವಾಪಸು ಬರುವಾಗ ಬಡವನಹಳ್ಳಿಯಲ್ಲಿ ಹುರಿದ ಕಡಲೆಕಾಯಿ ತಗೊಂಡು ಪಕ್ಕದವರಿಗೂ ಕೊಟ್ಟರಂತೆ. ಆಮೇಲೆ ಕಿಟಕಿಗೆ ತಲೆ ಆನಿಸಿ ಕೂತರಂತೆ. ಶಿರಾ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಭುಜ ತಟ್ಟಿ, "ಯಜಮಾನ್ರೇ, ಇಳೀರಿ" ಅಂದನಂತೆ. ನಾನು ಶಾಲೆಯಿಂದ ಆಸ್ಪತ್ರೆಗೆ ಓಡಿದಾಗ ಅವರನ್ನು ಮಲಗಿಸಿದ್ದರು. ಕೈ ಮುಟ್ಟಿದೆ. ತಣ್ಣಗಿತ್ತು. ಅಷ್ಟೇ. ಅಲ್ಲಿಂದ ಮುಂದೆ ನನ್ನೊಳಗೂ ಏನೂ ಆಗಲಿಲ್ಲ.

ಅಳಲಿಲ್ಲ. ಅಳಬಾರದೆಂದಲ್ಲ, ಬರಲಿಲ್ಲ. ಊರಿನ ಹೆಂಗಸರು ಸುತ್ತ ಕೂತು, "ಅತ್ಬುಡು ಕಣಮ್ಮ, ಎದೆ ಹಗುರಾಗ್ತದೆ" ಎನ್ನುತ್ತಿದ್ದರು. ಒಬ್ಬಾಕೆ ತಬ್ಬಿಕೊಂಡಂತೆ ಮಾಡಿ ಮೆಲ್ಲಗೆ ತೋಳು ಜಿಗುಟಿದಳು. ನಮ್ಮನೆಯವರು ಇಷ್ಟಪಟ್ಟು ತಿನ್ನುತ್ತಿದ್ದದ್ದು, ಉಟ್ಟದ್ದು, ತೊಟ್ಟದ್ದು ಎಲ್ಲವನ್ನೂ ಹೇಳಿ ಹೇಳಿ ನೋಡಿದರು. ನಾನು ಅವರೆಲ್ಲರ ಮುಖವನ್ನೇ ನೋಡುತ್ತ ಕೂತಿದ್ದೆ. ಕೊನೆಗೆ ಬಾವಿಕಟ್ಟೆಯ ಹತ್ತಿರ, "ಓದ್ಕಂಡೋಳು, ಕಲ್ಲುಗುಂಡಿಗೆ" ಎಂದು ತೀರ್ಮಾನವಾಯಿತು. ಬೇಜಾರಾಗಲಿಲ್ಲ. ಬೇಜಾರಾಗುವಷ್ಟು ಶಕ್ತಿಯೂ ಇದ್ದಂತಿರಲಿಲ್ಲ.

ಆ ಹೆಂಗಸರ ನಡುವೆ ಕೂತಾಗ ನನಗೆ ನೆನಪಾಗುತ್ತಿದ್ದದ್ದು ಗಂಡನಲ್ಲ, ಒಂದು ಕಪ್ಪೆ. ಹೇಳಿದರೆ ನಗುತ್ತಾರೆ, ಆದರೆ ನಿಜ.

ಕ್ಯಾತಗಾನಚೆರ್ಲು ಹತ್ತಿರದ ನನ್ನ ತವರೂರಿನಲ್ಲಿ ಮಳೆ ಹೋದರೆ ಕಪ್ಪೆ ಹೊರುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಕಪ್ಪೆ ಸುತ್ತಿ, ಬೇವಿನ ಸೊಪ್ಪಿನ ಜೊತೆ ಒನಕೆಯ ನಡುವಿಗೆ ಕಟ್ಟಿ, ಆಚೆಗೊಬ್ಬರು ಈಚೆಗೊಬ್ಬರು ಹೆಗಲು ಕೊಟ್ಟು ಮನೆಮನೆ ಮುಂದೆ ಹಾಡಿಕೊಂಡು ಬರುವುದು. ಮನೆಯ ಹೆಂಗಸರು ಅದರ ಮೇಲೆ ಒಂದು ಬಿಂದಿಗೆ ನೀರು ಸುರಿಯಬೇಕು. ನಾನು ಚಿಕ್ಕವಳಿದ್ದಾಗ ಒಂದು ವರ್ಷ ಕೆರೆಯೇ ಬಿರುಕು ಬಿಟ್ಟಿತ್ತು. ಮಳೆ ಬರಲು ಕಪ್ಪೆ ಬೇಕು, ಕಪ್ಪೆ ಸಿಗಲು ಮಳೆ ಬೇಕು. ಊರಿನವರು ಬಹಳ ಯೋಚನೆ ಮಾಡಿ ನಮ್ಮಪ್ಪನ ಕಡಲೆಕಾಯಿ ಹೊಲವನ್ನು ಗುದ್ದಲಿಯಲ್ಲಿ ಅಗೆದು, ನಿದ್ದೆಯಲ್ಲಿದ್ದ ಮಣ್ಣುಗಪ್ಪೆಯೊಂದನ್ನು ಹೊರಗೆ ತೆಗೆದರು. ಹೆಂಟೆಯೋ ಕಪ್ಪೆಯೋ ಗೊತ್ತಾಗದಷ್ಟು ಮಣ್ಣಾಗಿತ್ತು ಅದು. ಅದನ್ನೇ ಒನಕೆಗೆ ಕಟ್ಟಿ ಊರೆಲ್ಲ ತಿರುಗಿಸಿದರು. ಪಾಪ, ಎಷ್ಟು ಬಿಂದಿಗೆ ನೀರು ಬಿತ್ತೋ.

ಕೊನೆಗೆ ನಮ್ಮ ಅಂಗಳದಲ್ಲಿ ಬಟ್ಟೆ ಬಿಚ್ಚಿ ಇಳಿಸಿದಾಗ ಕಪ್ಪೆ ಕಣ್ಣು ಬಿಟ್ಟಿತ್ತು, ಜಾಮೂನಿನ ಹಾಗೆ ಗುಂಡಗೆ ಉಬ್ಬಿಕೊಂಡಿತ್ತು. ಈಗ ಕೂಗುತ್ತದೆ, ಕೂಗಿದರೆ ಮಳೆ ಎಂದು ಎಲ್ಲರೂ ಬಾಗಿದರು. ಅದು ಕೂಗಲಿಲ್ಲ. ಹಿಂಗಾಲಿನಲ್ಲಿ ಒದ್ದೆ ಮಣ್ಣನ್ನು ಆ ಕಡೆ ಈ ಕಡೆ ಸರಿಸಿತು. ಮೊದಲು ಹಿಂಭಾಗ ಇಳಿಯಿತು, ಆಮೇಲೆ ಹೊಟ್ಟೆ. ಮುಖ ಮಾತ್ರ ನಮ್ಮ ಕಡೆಗೇ ಇತ್ತು. ನಮ್ಮನ್ನು ನೋಡುತ್ತ ನೋಡುತ್ತಲೇ ಹಿಂದಕ್ಕೆ ಇಳಿದು ಹೋಗಿ, ಮೇಲೆ ಮಣ್ಣು ಮುಚ್ಚಿಕೊಂಡಿತು. ನಮ್ಮಜ್ಜಿ ಹಲ್ಲಿಲ್ಲದ ಬಾಯಲ್ಲಿ ನಕ್ಕುಬಿಟ್ಟಳು. "ಚೂಡ್ರಮ್ಮಾ, ಸುಳ್ಳು ಮಳೆ ಅಂತ ದಾನಿಕಿ ಗೊತ್ತಾಗೋಯ್ತು!" ಅಂದಳು, ನಮ್ಮ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ.

ಆ ಹೆಂಗಸರು ನನ್ನ ಮೇಲೆ ಸುರಿಯುತ್ತಿದ್ದದ್ದೂ ಬಿಂದಿಗೆ ನೀರೇ ಅನ್ನಿಸುತ್ತಿತ್ತು. ಒಳ್ಳೆಯ ಮನಸ್ಸಿನಿಂದಲೇ ಸುರಿಯುತ್ತಿದ್ದರು, ಇಲ್ಲ ಎನ್ನುವುದಿಲ್ಲ.

ಅತ್ತೆ ಮಾತ್ರ ಏನೂ ಹೇಳಲಿಲ್ಲ. ಇದ್ದೊಬ್ಬ ಮಗನನ್ನು ಕಳೆದುಕೊಂಡವರು, ಮೊದಲ ದಿನಗಳಲ್ಲಿ ಬೀದಿಗೆ ಕೇಳುವಂತೆ ಅತ್ತರು. ಆಮೇಲೆ ಒಂದು ಬೆಳಗ್ಗೆ ಎದ್ದು ಕೊಟ್ಟಿಗೆ ಬಾಚಿದರು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಉಳಿದದ್ದು ಅತ್ತೆ ಮತ್ತು ನಾನು. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಒಂದು ಅಭ್ಯಾಸ: ಸಂಜೆ ಒಲೆಯ ಮುಂದೆ ನಿಂತು, "ಎಷ್ಟ್ ಮುದ್ದೆ ಕಟ್ಲಿ ಕಣಮ್ಮ?" ಎಂದು ಕೇಳುವುದು. ಉತ್ತರ ಅವರಿಗೆ ಗೊತ್ತಿದ್ದದ್ದೇ. ಮಗನಿಗೆ ಎರಡು, ನನಗೊಂದು, ಅವರಿಗೊಂದು. ಆದರೂ ಕೇಳುತ್ತಿದ್ದರು. ಮಗ ಹೋದ ಮೇಲೂ ಸ್ವಲ್ಪ ದಿನ ಬಾಯಿತಪ್ಪಿ ಕೇಳಿದರು. ದೀಪಾವಳಿಯಿಂದ ಈಚೆಗೆ ಕೇಳುವುದನ್ನೇ ನಿಲ್ಲಿಸಿದರು. ಸುಮ್ಮನೆ ತೊಳಸಿ, ಸುಮ್ಮನೆ ಬಡಿಸುತ್ತಿದ್ದರು.

ದೀಪಾವಳಿಗೆ ನನ್ನ ಅಣ್ಣ ಬಂದಿದ್ದ. ಜಗಲಿಯ ಮೇಲೆ ಕೂತು ಅತ್ತೆಗೂ ಕೇಳುವ ಹಾಗೆ ಹೇಳಿದ. "ಚೂಡಮ್ಮಾ, ಇಲ್ಲಿ ಇನ್ನೇನೈತೆ ನಿಂಗೆ? ನಡಿ ಮನೀಕಿ. ಹೊಲ ಸೋಲಾರ್‌ನೋರಿಗೆ ಕೊಟ್ಟಿದೀವಿ, ಕೂತಲ್ಲೇ ದುಡ್ಡು ಬರ್ತದೆ. ಪಾವಗಡದಾಗೂ ಸ್ಕೂಲ್ ಐತೆ ಕದಾ." ಅಪ್ಪನ ಹೊಲ ಈಗ ಬೇಲಿಯೊಳಗೆ, ಕನ್ನಡಿಯಂಥ ಫಲಕಗಳ ಕೆಳಗಿದೆ. ಆ ಫಲಕ ತೊಳೆದ ನೀರು ಇಳಿದಾಗ ಒಂದೊಂದು ಸಲ ಬಿರುಬೇಸಿಗೆಯಲ್ಲೂ ಕಪ್ಪೆಗಳು ಮೇಲಕ್ಕೆ ಬರುತ್ತವೆ ಎಂದು ಅಣ್ಣನೇ ಹೇಳಿದ. "ಮಳೆ ಅಂದ್ಕಂಡು ಬರ್ತಾವೆ, ಪಿಚ್ಚಿ ಮುಂಡೇವು" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಅಣ್ಣ ಕೆಟ್ಟವನಲ್ಲ. ಕರೆಯದಿದ್ದರೆ ನಾಲ್ಕು ಜನ ಏನಂದಾರು ಎಂಬುದೂ ಅವನ ತಲೆಯಲ್ಲಿತ್ತು, ಪ್ರೀತಿಯೂ ಇತ್ತು. "ಸಂಕ್ರಾಂತಿಗೆ ಬರ್ತೀನಿ, ಅಷ್ಟೊತ್ತಿಗೆ ಮನಸು ಮಾಡ್ಕೊ" ಎಂದು ಹೇಳಿ ಹೋದ. ನಾನು ಹೋದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಈ ಮನೆಗೆ ಬೀಗ. ಅತ್ತೆ ಕೊರಟಗೆರೆಯ ಮಗಳ ಮನೆಗೆ. ಅಲ್ಲಿ ಎರಡು ಕೋಣೆಯಲ್ಲಿ ಐದು ಜನ, ಜೊತೆಗೆ ಅಳಿಯನ ಮುಖ ನೋಡಿಕೊಂಡು ಉಣ್ಣುವ ಅನ್ನ. ಅತ್ತೆ, ಇರು ಎನ್ನಲಿಲ್ಲ. ಹೋಗು ಎನ್ನಲೂ ಇಲ್ಲ. ಸೊಸೆಯನ್ನು ಇರು ಎನ್ನಲು ಈಗ ತನಗೇನು ಹಕ್ಕಿದೆ ಎಂದುಕೊಂಡಿದ್ದರೇನೋ.

ನನಗೋ ಎರಡೂ ಒಂದೇ ಆಗಿತ್ತು. ಪಾವಗಡವನ್ನು ನೆನೆಸಿಕೊಂಡರೂ ಏನೂ ಅನ್ನಿಸುತ್ತಿರಲಿಲ್ಲ, ಈ ಮನೆಯ ಕಂಬಕ್ಕೆ ಒರಗಿ ಕೂತರೂ ಏನೂ ಅನ್ನಿಸುತ್ತಿರಲಿಲ್ಲ.

ಸಂಕ್ರಾಂತಿಯ ಮಾತು ಬಂದದ್ದರಿಂದ ಮೊಲದ ಮಾತು ಹೇಳಬೇಕು. ನಮ್ಮನೆಯವರ ಊರಿನಲ್ಲಿ ಸಂಕ್ರಾಂತಿಗೆ ಮೊಲ ಬಿಡುತ್ತಾರೆ. ಬೆಳಗ್ಗೆ ಗಂಡಸರು ಬಲೆ ತಗೊಂಡು ಹೊಲ, ಕುರುಚಲು ಎಲ್ಲ ಸುತ್ತಿ ಒಂದು ಮೊಲವನ್ನು ಜೀವಂತ ಹಿಡಿದು ತರುತ್ತಾರೆ. ಬೇರೆ ದಿನ ಕದ್ದು ಹಿಡಿದು ಸಾರು ಮಾಡುವವರೂ ಆ ದಿನ ಅದಕ್ಕೆ ಕೈ ಮುಗಿಯುತ್ತಾರೆ. ಗುಡಿಯ ಮುಂದೆ ಅರಿಶಿನ ಕುಂಕುಮ ಹಚ್ಚಿ, ಹಿಂದೆಲ್ಲ ಕಿವಿಗೆ ಸಣ್ಣ ಓಲೆಯನ್ನೂ ಚುಚ್ಚಿ, ಕೆಳಗಿನ ಹೊಲಕ್ಕೆ ಒಯ್ದು ಬಿಡುವುದು. ಅದು ಓಡಿದ ದಿಕ್ಕಿನ ಹೊಲಗಳಿಗೆ ಆ ವರ್ಷ ಒಳ್ಳೆಯ ಬೆಳೆ. ಅರಣ್ಯದವರು ಬಂದು ಬೈದು ಹೋದ ಮೇಲೆ ಕಿವಿ ಚುಚ್ಚುವುದು ನಿಂತಿದೆ, ಹಿಡಿಯುವುದು ನಿಂತಿಲ್ಲ. ಮೊಲವನ್ನು ಬಿಡುವ ಕೈ ನಮ್ಮ ಮನೆಯದು. ಮಾವನ ನಂತರ ನಮ್ಮನೆಯವರು ಬಿಡುತ್ತಿದ್ದರು.

ಒಂದು ವರ್ಷ ಅವರು ಗುಡಿಯ ಹಿಂದೆ ನನ್ನನ್ನು ಕರೆದು ಮೊಲವನ್ನು ಮುಟ್ಟಿಸಿದ್ದರು. ಎಡಗೈ ಹಿಂಗಾಲ ಕೆಳಗೆ, ಬಲಗೈ ಅದರ ಕಣ್ಣ ಮೇಲೆ. "ಕಣ್ ಮುಚ್ಚುದ್ರೆ ಗಾಬ್ರಿ ಕಮ್ಮಿ ಆಗ್ತದೆ. ನೋಡಿಲ್ಲಿ, ಎಷ್ಟ್ ಬಿಸಿ ಐತೆ ಮೈಯಿ" ಅಂದರು. ಮೊಲದ ಎದೆ ನನ್ನ ಬೆರಳಿಗೆ ಹೊಡೆಯುತ್ತಿತ್ತು. ನಾನು, "ಗೊತ್ತು ಬಿಡ್ರಿ, ಬಿಸಿರಕ್ತದ ಪ್ರಾಣಿ" ಅಂದೆ. "ಶುರುವಾಯ್ತು ಮೇಡಮ್ಮೋರ ಪಾಠ" ಎಂದು ಅವರು ನಕ್ಕರು.

ಈ ಸಲ ಹಬ್ಬದ ಮುಂಚೆ ಊರಿನ ಹಿರಿಯರು ಜಗಲಿಗೆ ಬಂದರು. ನಮ್ಮ ದಾಯಾದಿಯೊಬ್ಬರೂ ಬಂದಿದ್ದರು, ತಮ್ಮ ಮನೆಗೆ ಆ ಕೈ ಬರಲಿ ಎಂಬ ಆಸೆ ಅವರಿಗೆ. ನಾನು ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದೆ.

"ನಮ್ಮನೆ ಕೈಯಿಂದ್ಲೇ ಹೋಗ್ಬೇಕು ಮೊಲ" ಅಂದರು ಅತ್ತೆ.

"ಯಾರ್ ಕೈ ಐತಮ್ಮ ಈಗ?" ಎಂದು ಹಿರಿಯರು ಕೇಳಿದರು.

"ನನ್ ಸೊಸೆ ಇಲ್ವಾ?"

"ಸೊಸೆ ಇರ್ತಾಳೋ ತವ್ರಿಗೆ ಹೋಗ್ತಾಳೋ, ಮೊದ್ಲು ಅದ್ ಗೊತ್ತಾಗ್ಲಿ."

ಅತ್ತೆ ಬಾಗಿಲ ಕಡೆ ತಿರುಗಿ ನೋಡಿದ್ದು ನನಗೆ ಗೊತ್ತಾಯಿತು. ನಾನು ತಲೆ ಎತ್ತಲಿಲ್ಲ, ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕುತ್ತಲೇ ಇದ್ದೆ. "ಹಬ್ಬ ಬರ್ಲಿ ಬುಡು" ಎಂದು ಅತ್ತೆ ಒಳಗೆ ಬಂದರು.

ಹಬ್ಬದ ದಿನ ಅಣ್ಣ ಮಧುಗಿರಿಯಲ್ಲಿ ಬಸ್ಸು ಬದಲಿಸಿ ಹೊತ್ತೇರುವ ಮುಂಚೆಯೇ ಬಂದಿಳಿದ. ನಾನು ಚೀಲ ಕಟ್ಟಿಟ್ಟಿದ್ದೆ. ಹೋಗಲೆಂದು ಕಟ್ಟಿದ್ದಲ್ಲ. ಅವನು ಕೇಳಿದರೆ ಮತ್ತೆ ಎದ್ದು ಕಟ್ಟುವ ಕೆಲಸ ಬೇಡವೆಂದು. ಬಾಗಿಲ ಪಕ್ಕದಲ್ಲಿದ್ದ ಆ ಚೀಲವನ್ನು ಅತ್ತೆ ನೋಡಿದರು, ನೋಡಿ ಅವರೆಕಾಯಿ ಸುಲಿಯಲು ಕೂತರು.

ಮಧ್ಯಾಹ್ನದ ಹೊತ್ತಿಗೆ ಮೊಲ ಬಂತು. ಬುಟ್ಟಿಯಲ್ಲಿ, ಕಂಬಳಿ ಮುಚ್ಚಿಕೊಂಡು. ಪೂಜೆಯಾಯಿತು. ಕೆಳಗಿನ ಹೊಲದಲ್ಲಿ ಜನ ಸುತ್ತ ನಿಂತರು. ದಾಯಾದಿ ಕೈ ಚಾಚಿಕೊಂಡು ಮುಂದೆ ಬಂದಾಗ ಅತ್ತೆ ಎಲ್ಲಿದ್ದರೋ ಬಂದು ನನ್ನ ಮಣಿಕಟ್ಟು ಹಿಡಿದು ಬುಟ್ಟಿಯ ಮುಂದೆ ನಿಲ್ಲಿಸಿದರು. ಯಾರೋ ಗೊಣಗಿದರು. ಅತ್ತೆ ತಿರುಗಿಯೂ ನೋಡದೆ, "ಮೊಲಕ್ಕೇನ್ ಗೊತ್ತು ಕಣ್ಲಾ, ಮುತ್ತೈದೆ ಕೈಯೋ ಮುಂಡೆ ಕೈಯೋ" ಅಂದರು. ಮುಂಡೆ ಎಂಬ ಶಬ್ದವನ್ನು ಅವರು ನನಗೂ ತಮಗೂ ಸೇರಿಸಿಯೇ ಹೇಳಿದ್ದರು.

ಎಡಗೈ ಹಿಂಗಾಲ ಕೆಳಗೆ, ಬಲಗೈ ಕಣ್ಣ ಮೇಲೆ. ನಾನು ಎತ್ತಿಕೊಂಡೆ, ನಾಲ್ಕು ಹೆಜ್ಜೆ ನಡೆದೆ, ರಾಗಿ ಕೂಳೆಯ ನಡುವೆ ಒಣಹುಲ್ಲಿನ ಮೇಲೆ ಇಳಿಸಿ ಕೈ ತೆಗೆದೆ.

ಮೊಲ ಓಡಲಿಲ್ಲ.

ಕಿವಿಯನ್ನು ಬೆನ್ನಿಗೆ ಒತ್ತಿಕೊಂಡು, ಹಣೆಯ ಮೇಲೆ ಕುಂಕುಮ ಇಟ್ಟುಕೊಂಡು, ಇಟ್ಟಲ್ಲೇ ಕೂತಿತು. ಕಣ್ಣು ತೆರೆದೇ ಇತ್ತು. ಜನ ಕಾದರು. ಆಮೇಲೆ ಚಪ್ಪಾಳೆ ತಟ್ಟಿದರು, ಸಿಳ್ಳೆ ಹಾಕಿದರು. ದಾಯಾದಿ, "ಹೇಳುದ್ನಲ್ಲ, ಕೈ ಗುಣ" ಅಂದರು. ಇದು ಮೊಲದ ಗುಣ ಎಂದು ನಾನು ಹೇಳಬಹುದಿತ್ತು. ಹೆದರಿದ ಮೊಲ ಮೊದಲು ಕಲ್ಲಾಗುತ್ತದೆ, ಓಡುವುದು ಆಮೇಲೆ. ಪ್ರತಿ ವರ್ಷ ಪಾಠ ಮಾಡುವ ವಿಷಯ. ಯಾವನೋ ಹೆಂಟೆಯೊಂದನ್ನು ಕೈಗೆತ್ತಿಕೊಂಡ.

"ಯಾವನ್ಲಾ ಅವ್ನು? ಹಾಕ್ ಕೆಳಿಕ್ಕೆ!" ಎಂದು ಅತ್ತೆ ಗದರಿದರು. ಅಷ್ಟು ದೊಡ್ಡ ದನಿ ಮಗ ಹೋದ ಆ ಮೊದಲ ದಿನಗಳ ನಂತರ ನಾನು ಕೇಳಿರಲಿಲ್ಲ. "ಕುಂತ್ಕಳ್ಳಿ ಬುಡ್ರೋ. ಇಷ್ಟ್ ಜನ ಸುತ್ತ ನಿಂತ್ಕಂಡು ಓಡು ಓಡು ಅಂದ್ರೆ ಎಲ್ಲಿಗ್ ಓಡ್ತದೆ ಅದು? ಏಳ್ಬೇಕು ಅಂತ ಅನ್ನಿಸ್ದಾಗ ಏಳ್ತದೆ. ಹೋಗ್ರಿ, ಉಣ್ಣೋಗ್ರಿ ಎಲ್ಲಾ."

ಅವರು ಹೇಳಿದ್ದು ಮೊಲದ ಬಗ್ಗೆ. ನನ್ನ ಮುಖವನ್ನೂ ನೋಡಲಿಲ್ಲ. ಆದರೆ ಶ್ರಾವಣದಿಂದ ಈಚೆಗೆ ಅಳು, ಏಳು, ಬಾ, ನಡಿ ಎಂಬ ಮಾತುಗಳನ್ನೇ ಕೇಳಿದ್ದ ನನ್ನ ಕಿವಿಗೆ, ಕೂತುಕೊಳ್ಳಲಿ ಬಿಡಿ ಎಂದು ಯಾರಾದರೂ ಅಂದದ್ದು ಅದೇ ಮೊದಲು. ಬದುವಿನ ಮೇಲೆ ಕೂತೆ.

ಜನ ಒಬ್ಬೊಬ್ಬರೇ ಕರಗಿದರು. ಹೊಟ್ಟೆ ಹಸಿದಿತ್ತು, ಮೊಲ ಓಡುವವರೆಗೆ ಎಷ್ಟೆಂದು ನಿಲ್ಲುತ್ತಾರೆ? ಅತ್ತೆ ನನ್ನ ಪಕ್ಕ ಬಂದು ಕೂತು ಎಲೆಯಡಿಕೆ ಚೀಲ ಬಿಚ್ಚಿದರು. ಅಣ್ಣ ನಮ್ಮ ಹಿಂದೆ ಹುಣಸೆಮರದ ಕೆಳಗೆ ಓಡಾಡುತ್ತಿದ್ದ, ಆಗಾಗ ರಸ್ತೆಯ ಕಡೆ ಕತ್ತು ಚಾಚುತ್ತಿದ್ದ. ಬಿಸಿಲು ಇಳಿಯುತ್ತ ಬಂತು. ನಾವು ಮೂವರು ಮತ್ತು ಆ ಮೊಲ. ಎಷ್ಟು ಹೊತ್ತು ಕೂತಿದ್ದೆವೋ ತಿಳಿಯದು.

ದೂರದಲ್ಲಿ ಬಸ್ಸಿನ ಹಾರನ್ ಕೇಳಿತು. "ಪೋದಾಮಾ ಅಮ್ಮಾ? ಇದು ಹೋದ್ರೆ ಇವತ್ತಿಗೆ ಬೇರೆ ಬಸ್ಸಿಲ್ಲ" ಅಂದ ಅಣ್ಣ. ನಾನು ತಿರುಗಿ ಅವನ ಮುಖ ನೋಡಿದೆ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಮೊಲ ಇರಲಿಲ್ಲ. ಯಾವ ದಿಕ್ಕಿಗೆ ಹೋಯಿತೋ, ಅತ್ತೆಯೂ ನೋಡಲಿಲ್ಲವಂತೆ. ಆ ವರ್ಷದ ಬೆಳೆ ಯಾರ ಹೊಲಕ್ಕೆಂದು ಊರಿಗೆ ಇವತ್ತಿಗೂ ಗೊತ್ತಿಲ್ಲ.

ನಾನು ಎದ್ದು ಅದು ಕೂತಿದ್ದ ಜಾಗಕ್ಕೆ ಹೋದೆ. ಹುಲ್ಲು ಮೊಲದ ಆಕಾರಕ್ಕೆ ಒತ್ತಿಕೊಂಡಿತ್ತು. ಬಾಗಿ ಅಂಗೈ ಇಟ್ಟೆ. ಬೆಚ್ಚಗಿತ್ತು. ನೆಲ ಅಷ್ಟು ಬೆಚ್ಚಗಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ಕೈ ತೆಗೆಯಲು ಮನಸ್ಸಾಗಲಿಲ್ಲ. ಆಸ್ಪತ್ರೆಯಲ್ಲಿ ಮುಟ್ಟಿದ ಕೈ ಹೀಗಿರಲಿಲ್ಲ ಎಂದು ಅನ್ನಿಸಿತು. ಅನ್ನಿಸಿತು ಎಂಬುದೇ ನನಗೆ ಆಶ್ಚರ್ಯ.

ಅತ್ತೆ ಬದುವಿನ ಮೇಲಿಂದಲೇ ನೋಡುತ್ತಿದ್ದರು. ಬಾಯೊಳಗಿನ ಎಲೆಯಡಿಕೆ ಉಗಿದು, ಎಷ್ಟೋ ದಿನದಿಂದ ಒಳಗಿಟ್ಟುಕೊಂಡದ್ದನ್ನು ಕೇಳಿಯೇಬಿಟ್ಟರು.

"ಎಷ್ಟ್ ಮುದ್ದೆ ಕಟ್ಲಿ ಕಣಮ್ಮ ಸಂಜಿಕೆ?"

ಅಣ್ಣ ಓಡಾಡುವುದನ್ನು ನಿಲ್ಲಿಸಿದ. ಅತ್ತೆಯ ಕೈ ಎಲೆಯಡಿಕೆ ಚೀಲದ ದಾರವನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು.

"ಎರಡು" ಅಂದೆ.

ಅತ್ತೆಗೊಂದು, ನನಗೊಂದು ಎಂದು ಲೆಕ್ಕ ಹಾಕಿಯೇ ಹೇಳಿದ್ದು. ಆದರೆ ಎರಡು ನಮ್ಮನೆಯವರೊಬ್ಬರ ಪಾಲಾಗಿತ್ತು. ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಬಂದು ಕೂತು, ಒಂದು ಮುಗಿಯುವ ಮುಂಚೆಯೇ ಇನ್ನೊಂದಕ್ಕೆ ತಟ್ಟೆ ಚಾಚುತ್ತಿದ್ದರು. ಇನ್ನು ಇಡೀ ಮನೆಗೆ ಎರಡು. ಅದು ಹೊಳೆದದ್ದೇ ತಡ, ಅಂಗೈ ಆ ತಗ್ಗಿನಲ್ಲಿದ್ದಂತೆಯೇ ನನಗೆ ಅಳು ಬಂತು. ಹೊಲದ ನಡುವೆ, ಹಬ್ಬದ ದಿನ, ಚೆನ್ನಾಗಿರುವ ಸೀರೆ ಉಟ್ಟುಕೊಂಡು, ಮೂಗು ಸೋರುವ ಹಾಗೆ ಅತ್ತುಬಿಟ್ಟೆ.

ಅತ್ತೆ ಸಮಾಧಾನ ಮಾಡಲು ಬರಲಿಲ್ಲ. ರಸ್ತೆಯಲ್ಲಿ ಬಸ್ಸು ಧೂಳೆಬ್ಬಿಸಿಕೊಂಡು ಹೋಗುವುದನ್ನು ನೋಡಿದರು. ಮೊಣಕಾಲಿಗೆ ಕೈ ಊರಿ ಎದ್ದರು.

"ನಿಮ್ಮಣ್ಣನ್ ಬಸ್ ಹೋಯ್ತು" ಅಂದರು. "ಅವನಿಗೂ ಒಂದು ಸೇರಿಸ್ತೀನಿ. ನೀನು ನಿಧಾನಕ್ ಬಾ."